ನಾಲ್ಕು ಗಂಟೆಯ ಮೇಲಿನ ನೀರು

ಹೆಣ್ಣುಮಕ್ಕಳ ವಸತಿ ಶಾಲೆಗೆ ಬಂದವರೆಲ್ಲ ಮೊದಲು ವಿಚಾರಿಸುವುದು ಊಟವನ್ನು. ಸಾರು ತೆಳ್ಳಗಿರುತ್ತದೆಯೇ, ಮೊಟ್ಟೆ ವಾರಕ್ಕೆ ಎಷ್ಟು ಸಲ, ಮುದ್ದೆ ಯಾವ ದಿನ. ಜೀಪಿನಲ್ಲಿ ಬರುವ ಸಾಹೇಬರಿಂದ ಹಿಡಿದು ಹುಡುಗಿಯರ ಚಿಕ್ಕಪ್ಪಂದಿರವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ. ತಿಂದವರು, ಕುಡಿದವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೇ ಮುಖ ಗಂಟಿಕ್ಕುತ್ತಿದ್ದೆ. ನಮ್ಮ ಕಡೆ ಹೆಂಗಸರು ಆ ವಿಷಯವನ್ನು ಬಾಯಿಬಿಟ್ಟು ಆಡುವುದಿಲ್ಲ.

ನಾನು ವಾರ್ಡನ್. ಮೊದಲು ಕಡೂರಿನಲ್ಲಿ, ಆಮೇಲೆ ತರೀಕೆರೆಯಲ್ಲಿ, ಈಗ ಎಂಟು ವರ್ಷದಿಂದ ಅಜ್ಜಂಪುರದ ಕಡೆಯ ಒಂದು ಶಾಲೆಯಲ್ಲಿ ಇದ್ದೇನೆ. ಇಲ್ಲಿರುವವರು ಈರುಳ್ಳಿ ಕೀಳುವ ಕೂಲಿಯವರ, ಕುರಿ ಕಾಯುವವರ, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುವವರ ಮಕ್ಕಳು. ಆರನೇ ಕ್ಲಾಸಿಗೆ ಬರುತ್ತಾರೆ, ಹತ್ತು ಮುಗಿಸಿಕೊಂಡು ಹೋಗುತ್ತಾರೆ. ನಾನು ಸ್ವಲ್ಪ ಬಾಯಿ ಜೋರಿನವಳು. ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಹಾಸಿಗೆಗಳು ತಾವೇ ಮಡಿಚಿಕೊಳ್ಳುತ್ತವೆ ಎಂದು ಅಡುಗೆಯವಳು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಎಂದು ಬಿಟ್ಟಿದ್ದೆ, ಒಳಗೊಳಗೆ ಅದು ನನಗೆ ಹೆಮ್ಮೆಯ ಮಾತೇ ಆಗಿತ್ತು.

ನಾನೂ ಹಾಸ್ಟೆಲ್ಲಿನ ಹುಡುಗಿ. ಹನ್ನೊಂದು ವರ್ಷಕ್ಕೆ ಕಡೂರಿನ ಒಂದು ಹಾಸ್ಟೆಲ್ಲಿಗೆ ಟ್ರಂಕು ಹೊತ್ತುಕೊಂಡು ಬಂದವಳು. ಮೊದಲ ದಿನ ಸಾಯಂಕಾಲ ನಾನು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡಾಗ ಒಂಬತ್ತನೇ ಕ್ಲಾಸಿನವಳೊಬ್ಬಳು ಬಂದು ಲೋಟವನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡಳು. ನಾಲ್ಕು ಗಂಟೆ ಆದ ಮೇಲೆ ಇಲ್ಲಿ ಯಾರೂ ನೀರು ಕುಡಿಯುವುದಿಲ್ಲ ಎಂದು ಹೇಳಿ, ಅದನ್ನು ವಾಪಸ್ಸು ಕೊಡಕ್ಕೆ ಸುರಿದಳು. ಗದರಲಿಲ್ಲ. ಜಡೆ ಹೆಣೆಯುವುದನ್ನು ಹೇಳಿಕೊಡುವ ಹಾಗೆ ಹೇಳಿಕೊಟ್ಟಳು. ಕಕ್ಕಸು ಇದ್ದದ್ದು ಹಿಂದಿನ ಹಿತ್ತಲಿನ ತುದಿಯಲ್ಲಿ, ಲಾಂಟಾನ ಪೊದೆ ದಾಟಿಕೊಂಡು. ಅದಕ್ಕೆ ದೀಪವಿಲ್ಲ, ಅಗುಳಿಯಿಲ್ಲ, ಎರಡರಲ್ಲಿ ಒಂದಕ್ಕೆ ಬಾಗಿಲೂ ಇಲ್ಲ. ಕತ್ತಲಾದ ಮೇಲೆ ಹೋಗಬಾರದು ಎಂದರೆ ಕತ್ತಲಾಗುವ ಮುಂಚೆ ಕುಡಿಯಬಾರದು. ಲೆಕ್ಕ ಸರಿಯಾಗಿಯೇ ಇತ್ತು. ಒಂದು ವಾರ ಬಾಯಿ ಒಣಗಿತು, ಆಮೇಲೆ ಒಣಗಿದ್ದು ಗೊತ್ತಾಗುವುದು ನಿಂತಿತು. ಮುಂದಿನ ವರ್ಷ ನಾನೇ ಹೊಸ ಹುಡುಗಿಯರ ಕೈಯಿಂದ ಲೋಟ ತೆಗೆದುಕೊಳ್ಳುತ್ತಿದ್ದೆ.

ಇದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. ಕಡೂರು ಕಡೆ ಹುಟ್ಟಿದವರಿಗೆ ನೀರು ಕಡಿಮೆ ಬಳಸುವವಳೇ ಜಾಣೆ. ನಮ್ಮವ್ವ ಅಕ್ಕಿ ತೊಳೆದ ನೀರಿನಲ್ಲಿ ತರಕಾರಿ ತೊಳೆದು, ಅದನ್ನು ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದಳು. ಮದುವೆಗೆ ಹೆಣ್ಣು ನೋಡಲು ಹೋದವರು ಹುಡುಗಿ ಕಾಲಿಗೆ ನೀರು ಕೊಟ್ಟ ಚೊಂಬಿನ ಅಳತೆ ನೋಡಿ ಬರುತ್ತಿದ್ದರು. ತುಂಬಿದ ಚೊಂಬು ಕೊಟ್ಟವಳು ಕೈ ಬಿಗಿಯಿಲ್ಲದವಳು. ನೀರನ್ನು ತೀರ್ಥದ ಹಾಗೆ ಬಳಸು ಎಂದೇ ನಮಗೆ ಹೇಳಿ ಬೆಳೆಸಿದ್ದು, ನಾನು ಹಾಗೆಯೇ ಬೆಳೆದೆ.

ಅಜ್ಜಂಪುರದ ಶಾಲೆಗೆ ಬಂದಾಗ ಅಲ್ಲಿಯೂ ನಾಲ್ಕು ಗಂಟೆಯ ನಿಯಮ ಇತ್ತು. ಯಾರು ಮಾಡಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಅದನ್ನು ಶುರು ಮಾಡಿದವಳಲ್ಲ. ಆದರೆ ನಾನು ಒಂದು ಪುಸ್ತಕ ಶುರು ಮಾಡಿದೆ. ಒಬ್ಬ ಹುಡುಗಿ ರಾತ್ರಿ ಒಬ್ಬಳೇ ಎದ್ದು ಹೋಗಿ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಅಂದಿನಿಂದ ಎದ್ದವರು ಆಯಾಳನ್ನು ಎಬ್ಬಿಸಬೇಕು, ಆಯಾ ಬ್ಯಾಟರಿ ಹಿಡಿದು ಜೊತೆಗೆ ಹೋಗಿ ಬಂದು ಹೆಸರು ಬರೆಯಬೇಕು ಎಂದು ಮಾಡಿದೆ. ಆಯಾಗೆ ಮಂಡಿನೋವು. ನಾಲ್ಕೈದು ಸಲ ಎಬ್ಬಿಸಿದರೆ ಬೆಳಗ್ಗೆ ನನ್ನ ಮುಂದೆ ಗೊಣಗುತ್ತಿದ್ದಳು. ಅವಳ ಗೊಣಗಾಟ ತಪ್ಪಲಿ ಎಂದು ಪ್ರಾರ್ಥನೆ ಮುಗಿದ ಮೇಲೆ ಆ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದೆ. ಬೈಯುತ್ತಿರಲಿಲ್ಲ, ಬರೀ ಓದುತ್ತಿದ್ದೆ. ತಾಳಿದವನು ಬಾಳಿಯಾನು ಎಂದು ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಒಂದು ತಿಂಗಳಲ್ಲಿ ದಿನಕ್ಕೆ ಏಳೆಂಟು ಇದ್ದ ಹೆಸರು ಒಂದೆರಡಕ್ಕೆ ಇಳಿಯಿತು. ಶಿಸ್ತು ಬಂತು ಎಂದು ಹೆಡ್‌ಮಿಸ್ ನನ್ನನ್ನು ಹೊಗಳಿದರು.

ಆ ಪುಸ್ತಕದಲ್ಲಿ ಒಂದೇ ಒಂದು ಸಲವೂ ಹೆಸರು ಬರದಿದ್ದವಳು ಸಿಂಗಟಗೆರೆ ಕಡೆಯ ಒಬ್ಬ ಹುಡುಗಿ. ತೆಳ್ಳಗೆ, ಉದ್ದಕ್ಕೆ ಇದ್ದಳು, ಆಗ ಏಳನೇ ಕ್ಲಾಸು. ಅಪ್ಪ ಇಲ್ಲ. ಅವ್ವ ಅಡಿಕೆ ಸುಗ್ಗಿಯಲ್ಲಿ ಲಿಂಗದಹಳ್ಳಿಗೆ ಸುಲಿಯಲು ಹೋದರೆ ತಿಂಗಳುಗಟ್ಟಲೆ ಅಲ್ಲೇ ಶೆಡ್ಡಿನಲ್ಲಿ ಉಳಿಯುವವಳು. ಮಗಳನ್ನು ಸೇರಿಸಲು ಬಂದ ದಿನ ಅವ್ವ ನನ್ನ ಹತ್ತಿರ ಒಂದೇ ಮಾತು ಹೇಳಿದ್ದಳು. ಇವಳು ಇಲ್ಲಿ ನಿಂತರೆ ಓದುತ್ತಾಳೆ, ನಿಲ್ಲದಿದ್ದರೆ ನನ್ನ ಜೊತೆ ಅಡಿಕೆ ಸುಲಿಯಲು ಕೂರುತ್ತಾಳೆ, ಮೂರನೆಯ ದಾರಿ ಇಲ್ಲ. ಹುಡುಗಿಗೂ ಅದು ಗೊತ್ತಿತ್ತು. ಕತ್ತಿಗೆ ಕೈ ಕುಯ್ದುಕೊಂಡು ಕಪ್ಪಾದ ಅವ್ವನ ಬೆರಳುಗಳನ್ನು ನೋಡಿದ್ದವಳು. ಏನೇ ಆದರೂ ಇಲ್ಲಿಂದ ಹೋಗಬಾರದು ಎಂದು ಎಲ್ಲದರಲ್ಲೂ ಮುಂದಿರುತ್ತಿದ್ದಳು. ಹೊಸ ಮಕ್ಕಳನ್ನು ಸಾಲು ನಿಲ್ಲಿಸುವುದು, ಸಂಜೆ ಲೋಟಗಳನ್ನು ಮುಗುಚಿ ಇಡುವುದು, ಎಲ್ಲ ಅವಳದೇ. ಇವಳನ್ನು ನೋಡಿ ಕಲೀರಿ ಎಂದು ನಾನು ಹೆಸರು ಓದುವಾಗ ಎಷ್ಟೋ ದಿನ ಹೇಳಿದ್ದೇನೆ.

ಅವಳು ಎಂಟನೇ ಕ್ಲಾಸಿಗೆ ಬಂದ ವರ್ಷ ನಮ್ಮ ಶಾಲೆಗೆ ಒಳ್ಳೆಯ ಕಾಲ ಬಂತು. ಒಂದು ಸಂಸ್ಥೆಯವರು ಹೊಸ ಶೌಚಾಲಯ ಕಟ್ಟಿಸಿಕೊಟ್ಟರು. ಮಲಗುವ ಕೋಣೆಯಿಂದ ಹತ್ತೇ ಹೆಜ್ಜೆ, ಮೇಲೆ ಶೀಟಿನ ದಾರಿ, ಪ್ರತಿ ಬಾಗಿಲಿಗೆ ಒಳಗಿನಿಂದ ಚಿಲಕ, ಇಡೀ ರಾತ್ರಿ ಉರಿಯುವ ದೀಪ. ಕುಡಿಯುವ ನೀರಿಗೆ ಫಿಲ್ಟರ್. ತಿಂಗಳ ಬಟ್ಟೆಗಳನ್ನು ಕದ್ದು ಒಣಗಿಸುತ್ತಿದ್ದ ಮಕ್ಕಳಿಗೆ ಪ್ಯಾಡು, ಅದನ್ನು ಸುಡುವುದಕ್ಕೆ ಒಂದು ಮೆಷೀನು. ಊಟದ ಹಾಲಿನ ಹೊರಗೆ ಮಕ್ಕಳ ಎತ್ತರಕ್ಕೆ ಸಾಲಾಗಿ ನಲ್ಲಿ. ಸೋಪು ಎರಡೇ ದಿನಕ್ಕೆ ಕಳೆದುಹೋಗುತ್ತದೆ ಎಂದು ಅಡುಗೆಯವಳು ಈರುಳ್ಳಿ ಚೀಲದ ಬಲೆ ಕತ್ತರಿಸಿ, ಅದರಲ್ಲಿ ಸೋಪು ಕಟ್ಟಿ ಒಂದೊಂದು ನಲ್ಲಿಗೂ ನೇತುಹಾಕಿದಳು. ಅದನ್ನು ಉಜ್ಜಿದರೆ ನೊರೆ ಚೆನ್ನಾಗಿ ಬರುತ್ತಿತ್ತು. ಸಂಸ್ಥೆಯವರು ಅದರ ಫೋಟೊ ತೆಗೆದುಕೊಂಡು ಹೋದರು. ಉದ್ಘಾಟನೆಗೆ ಬಂದ ದೊಡ್ಡವರು ಕ್ಯಾಮೆರಾ ಮುಂದೆ ಮೊಣಕೈವರೆಗೂ ಕೈ ತೊಳೆದು, ಮಧ್ಯಾಹ್ನ ಹೋಳಿಗೆಗೆ ತೊಳೆಯದೆ ಹಾಗೇ ಕೈ ಹಾಕಿದರು. ಇರಲಿ, ಕಟ್ಟಿದ್ದು ಒಳ್ಳೆಯದೇ ಕಟ್ಟಿದ್ದರು. ಮೊದಲ ಸಲ ಆ ಚಿಲಕ ಹಾಕಿಕೊಂಡು ಒಳಗೆ ನಿಂತಾಗ ನನಗೆ ಕಡೂರಿನ ಹಿತ್ತಲು ನೆನಪಾಗಿ ಹೊಟ್ಟೆಕಿಚ್ಚಾಯಿತು. ನನ್ನದೇ ಮಕ್ಕಳ ಮೇಲೆ ಹೊಟ್ಟೆಕಿಚ್ಚು.

ಎರಡು ತಿಂಗಳಾದ ಮೇಲೆ ಸಂಸ್ಥೆಯ ಇಂಜಿನಿಯರ್ ಬಂದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಟ್ಯಾಂಕಿನ ಏಣಿಯನ್ನು ಸರಸರ ಹತ್ತುವವಳು. ಮೀಟರ್ ನೋಡಿ, ಫಿಲ್ಟರ್ ನೋಡಿ, ನೋಟ್‌ಬುಕ್ಕಿನಲ್ಲಿ ಏನೋ ಗುಣಿಸಿ ನನ್ನ ಹತ್ತಿರ ಬಂದಳು. ಇಷ್ಟು ಮಕ್ಕಳಿಗೆ ಇಷ್ಟು ನೀರು ಬೇಕು ಎಂದು ಲೆಕ್ಕ ಹಾಕಿದ್ದೆವು, ಅದರ ಅರ್ಧವೂ ಖರ್ಚಾಗುತ್ತಿಲ್ಲ, ಸಂಜೆ ಮೇಲಂತೂ ಕುಡಿಯುವ ನೀರು ಇಳಿಯುವುದೇ ಇಲ್ಲ, ಎಲ್ಲಾದರೂ ಪೈಪು ಕಟ್ಟಿಕೊಂಡಿದೆಯೇ ಎಂದು ಕೇಳಿದಳು. ಅವಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲನೆಯವಳು.

"ನಮ್ಮ ಮಕ್ಳು ನೀರು ಪೋಲು ಮಾಡಲ್ಲ ಕಣಮ್ಮ," ಎಂದೆ ನಾನು. "ಬಯಲುಸೀಮೆ ಮಕ್ಳು."

ಅವಳು ಮಂಗಳೂರು ಕಡೆಯವಳು. ಬಾವಿಗೆ ಬಗ್ಗಿದರೆ ನೀರು ಸಿಗುವ ಊರಿನವಳಿಗೆ ನನ್ನ ಮಾತು ದೊಡ್ಡದಾಗಿ ಕಂಡಿತು. ಮಕ್ಕಳಲ್ಲಿ ನೀರಿನ ಉಳಿತಾಯದ ಅರಿವು ಚೆನ್ನಾಗಿದೆ ಎಂದು ಬರೆದುಕೊಂಡಳು. ನಾನು ಪಕ್ಕದಲ್ಲೇ ನಿಂತು ಅದನ್ನು ಓದಿ ತಲೆಯಾಡಿಸಿದೆ. ಕಟ್ಟಡ ಬದಲಾಗಿತ್ತು, ನಾಲ್ಕು ಗಂಟೆ ಬದಲಾಗಿರಲಿಲ್ಲ. ಪುಸ್ತಕವೂ ಹಾಗೇ ಇತ್ತು. ಹತ್ತು ಹೆಜ್ಜೆಯ ದೂರಕ್ಕೆ ಆಯಾ ಯಾಕೆ, ಹೆಸರು ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜಿದ ಹಾಗೆ ಹೆಸರು ಓದುತ್ತಿದ್ದೆ.

ಬೇಸಿಗೆಯ ಪರೀಕ್ಷೆ ಹತ್ತಿರ ಬಂದಾಗ ಸಿಂಗಟಗೆರೆಯ ಹುಡುಗಿ ಒಂದು ದಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದಳು. ಮುಟ್ಟಿದರೆ ಮೈ ಕೆಂಡ. ನಾಲ್ಕು ದಿನದಿಂದ ಚಳಿಜ್ವರ, ಸೊಂಟದ ಮೇಲೆ ನೋವು, ಉರಿ. ಪಕ್ಕದ ಹಾಸಿಗೆಯವಳಿಗೆ ಗೊತ್ತಿತ್ತಂತೆ, ಹೇಳಬೇಡ ಎಂದು ಇವಳೇ ಆಣೆ ಹಾಕಿಸಿಕೊಂಡಿದ್ದಳಂತೆ. ಹುಷಾರಿಲ್ಲದವರನ್ನು ಮನೆಗೆ ಕಳಿಸುತ್ತಾರೆ, ಮನೆಗೆ ಹೋದವರು ವಾಪಸ್ಸು ಬರುವುದು ಕಷ್ಟ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ತರೀಕೆರೆಯ ಆಸ್ಪತ್ರೆಯಲ್ಲಿ ನೋಡಿ, ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಸೋಂಕು ಮೂತ್ರಪಿಂಡಕ್ಕೆ ಹತ್ತಿತ್ತು.

ಡಾಕ್ಟರು ಹೆಂಗಸು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯ ಎಂದು ಹುಡುಗಿಯನ್ನು ಕೇಳಿದರು. ಮಧ್ಯಾಹ್ನ ಊಟಕ್ಕೆ ಒಂದು ಲೋಟ ಎಂದಳು. ಎಷ್ಟು ಸಲ ಹೋಗುತ್ತೀಯ ಎಂದು ಕೇಳಿದರು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ತಡೆದುಕೊಂಡರೆ ನೋವಾಗುವುದಿಲ್ಲವೇ ಎಂದರು. ಮೊದಮೊದಲು ಆಗುತ್ತಿತ್ತು, ಈಗ ಬರುವುದೇ ಗೊತ್ತಾಗುವುದಿಲ್ಲ ಎಂದಳು. ಡಾಕ್ಟರು ನನ್ನ ಕಡೆ ತಿರುಗಿ, ಹೀಗೇ ವರ್ಷಗಟ್ಟಲೆ ಮಾಡಿದರೆ ದೇಹ ಹೇಳುವುದನ್ನೇ ಬಿಟ್ಟುಬಿಡುತ್ತದೆ ಎಂದು ವಿವರಿಸಿದರು. ನನಗೆ ಅದನ್ನು ವಿವರಿಸುವ ಅಗತ್ಯ ಇರಲಿಲ್ಲ. ಒಂದು ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಮೇಲೆ ಜೋಪಾನ ಬೇಕು ಎಂದರು.

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅಳು ಬರಬೇಕಿತ್ತು, ಬರಲಿಲ್ಲ. ಸೋಮವಾರಕ್ಕೆ ತರಕಾರಿ ಹೇಳಿಲ್ಲವಲ್ಲ ಎಂದು ಯೋಚಿಸಿದ್ದು ನೆನಪಿದೆ. ಎಲೆಕೋಸು ಬೇಡ, ಕುಂಬಳಕಾಯಿ ಸಾಕು ಎಂದು ಅಡುಗೆಯವಳಿಗೆ ಫೋನು ಮಾಡಿ ಹೇಳಿದೆ. ಅವಳು ಹುಡುಗಿ ಹೇಗಿದ್ದಾಳೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ನನ್ನ ಧ್ವನಿ ಸರಿಯಾಗಿಯೇ ಇತ್ತು.

ಸಂಜೆಗೆ ಅವಳ ಅವ್ವ ಲಿಂಗದಹಳ್ಳಿಯಿಂದ ಬಂದಳು. ಸುಗ್ಗಿ ಮುಗಿದಿದ್ದರೂ ಹಿಂದುಳಿದ ಕೆಲಸಕ್ಕೆ ಅಲ್ಲೇ ಉಳಿದಿದ್ದಳಂತೆ. ನನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಮಗಳ ಪಾದದ ಹತ್ತಿರ ಕೂತು, ಅಲ್ಲಿ ನೀರಿಲ್ಲವೇ ಎಂದು ನನ್ನನ್ನು ಕೇಳಿದಳು. ಇದೆ ಎಂದೆ. ಒಳ್ಳೆಯ ನೀರೇ ಎಂದಳು. ಒಳ್ಳೆಯ ನೀರು, ಫಿಲ್ಟರ್ ನೀರು ಎಂದೆ. ಕಕ್ಕಸು? ಅದೂ ಇದೆ, ಹೊಸದು. ಮತ್ತೆ ಯಾಕೆ ಎಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಹುಡುಗಿ ನನ್ನನ್ನು ಕಾಪಾಡುವವಳ ಹಾಗೆ ಅವಸರದಿಂದ ಹೇಳಿದಳು:

"ಮಿಸ್ ಒಂದಿನಾನೂ ನನ್ ಹೆಸ್ರು ಓದಿಲ್ಲ ಕಣವ್ವ. ಇಡೀ ಸ್ಕೂಲಲ್ಲಿ ನಂದೊಬ್ಬಳ್ದೇ ಓದಿಲ್ಲ."

ಅವಳ ಮುಖದಲ್ಲಿ ಹೆಮ್ಮೆ ಇತ್ತು. ಅವ್ವನಿಗೆ ಅರ್ಥವಾಗಲಿಲ್ಲ, ಯಾವ ಹೆಸರು, ಏನು ಓದುವುದು ಎಂದು ನನ್ನ ಮುಖ ನೋಡಿದಳು. ನಾನು ಪುಸ್ತಕದ ವಿಷಯ ಹೇಳಿದೆ. ಬಿಡಿಸಿ ಬಿಡಿಸಿ, ಏನನ್ನೂ ಮುಚ್ಚಿಡದೆ ಹೇಳಿದೆ. ನಡುವೆ ಒಂದು ಸಲವೂ ಧ್ವನಿ ನಡುಗಲಿಲ್ಲ. ಆ ಹೆಂಗಸು ಕೇಳಿಸಿಕೊಂಡು ಸೆರಗಿನಲ್ಲಿ ಮಗಳ ಹಣೆ ಒರೆಸಿದಳು.

ಶಾಲೆಗೆ ಬಂದು ಪುಸ್ತಕವನ್ನು ಅಡುಗೆ ಒಲೆಗೆ ಹಾಕಿದೆ. ಪ್ರಾರ್ಥನೆಯಲ್ಲಿ ನಾನು ತಪ್ಪು ಮಾಡಿದೆ ಎಂದು ಹೇಳಿದೆ. ವಾರ್ಡನ್ನೇ ತಪ್ಪು ಒಪ್ಪಿಕೊಂಡದ್ದನ್ನು ನೋಡಿ ಮಕ್ಕಳಿಗೆ ಗಾಬರಿಯಾಯಿತು, ಇದು ಇನ್ನೇನೋ ಹೊಸ ಪರೀಕ್ಷೆ ಇರಬೇಕು ಎಂದುಕೊಂಡರು. ನಾಲ್ಕಕ್ಕೆ, ಆರಕ್ಕೆ, ಎಂಟಕ್ಕೆ ಗಂಟೆ ಹೊಡೆಸಿ ಎಲ್ಲರ ಕೈಗೂ ಲೋಟ ಕೊಡಿಸಿದೆ. ಎದುರಿಗೆ ಕುಡಿದ ಹಾಗೆ ಮಾಡಿ, ಹಿಂದೆ ಹೋಗಿ ದಾಸವಾಳದ ಗಿಡಕ್ಕೆ ಸುರಿದರು. ಆ ಬೇಸಿಗೆಯಲ್ಲಿ ದಾಸವಾಳ ಚೆನ್ನಾಗಿ ಬಂತು. ಬೈದೆ, ಗದರಿದೆ, ಆಮೇಲೆ ಬೈಯುವುದನ್ನು ಬಿಟ್ಟು ಸುಮ್ಮನೆ ಅವರ ಜೊತೆ ನಿಂತೆ. ಇಂಜಿನಿಯರ್ ಹುಡುಗಿಗೆ ಫೋನು ಮಾಡಿ ನಾನು ಅವತ್ತು ಹೇಳಿದ್ದು ಸುಳ್ಳು ಎಂದೆ. ನಾನೇ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಮೇಡಂ ಎಂದಳು, ಪಾಪ.

ರಜೆ ಮುಗಿದು ಶಾಲೆ ಶುರುವಾಯಿತು. ಸಿಂಗಟಗೆರೆಯ ಹುಡುಗಿ ಬರಲಿಲ್ಲ. ಎರಡು ವಾರ ಕಾದು ನಾನೇ ಹೊರಟೆ. ಬೀರೂರಿಗೆ ಒಂದು ಬಸ್ಸು, ಕಡೂರಿಗೆ ಒಂದು, ಅಲ್ಲಿಂದ ಮತ್ತೊಂದು. ಮನೆ ಕೆರೆ ಏರಿಯ ಕೆಳಗೆ, ಎರಡು ತೆಂಗಿನ ಮರದ ನಡುವೆ. ಒಂದೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹುಡುಗಿಯ ಪುಸ್ತಕಗಳನ್ನು ರಟ್ಟು ಹಾಕಿ ಜೋಡಿಸಿಟ್ಟಿದ್ದರು. ಅವಳ ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಬಟ್ಟೆ ಗಂಟು ಕಟ್ಟಿಯೇ ಇಟ್ಟಿದ್ದಾಳೆ, ನೀವು ಬರುತ್ತೀರಿ ಎಂದು ದಿನಾ ರಸ್ತೆ ನೋಡುತ್ತಾಳೆ ಎಂದು ಅವ್ವ ಹೇಳಿದಳು.

ನಾನು ಬಂದ ವಿಷಯ ಹೇಳಿದೆ. ಎಲ್ಲ ಬದಲಾಗಿದೆ, ಪುಸ್ತಕ ಸುಟ್ಟಿದ್ದೇನೆ, ಲೋಟ ನನ್ನ ಕೈಯಿಂದಲೇ ಕೊಡುತ್ತೇನೆ, ಅವಳ ಜವಾಬ್ದಾರಿ ನನ್ನದು ಎಂದೆಲ್ಲ ಹೇಳಿದೆ. ಅವ್ವ ತಲೆಯಾಡಿಸುತ್ತ ಕೇಳುತ್ತಿದ್ದಳು. ಮನಸ್ಸು ಮೆತ್ತಗಾಗುತ್ತಿದೆ ಎಂದು ನನಗೆ ಕಾಣುತ್ತಿತ್ತು. ಒಳಗೆ ಹೋಗಿ ಒಂದು ಚೊಂಬು ತುಂಬ ನೀರು, ಒಂದು ಚೂರು ಬೆಲ್ಲ ತಂದು ನನ್ನ ಮುಂದೆ ಇಟ್ಟಳು. ಆಗ ನಾಲ್ಕೂಮುಕ್ಕಾಲು ಇರಬಹುದು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಚೊಂಬನ್ನು ಪಕ್ಕಕ್ಕೆ ಸರಿಸಿದೆ.

"ನೀರು ಬೇಡಮ್ಮ. ಮೂರು ಬಸ್ಸು ಹತ್ಕೊಂಡು ಹೋಗ್ಬೇಕು, ದಾರೀಲಿ ತೊಂದ್ರೆ," ಎಂದೆ.

ಹೇಳಿದ ಮೇಲೂ ನನಗೆ ಗೊತ್ತಾಗಲಿಲ್ಲ. ಅವ್ವ ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು. ಹುಡುಗಿ ಅವ್ವನ ಮುಖ ನೋಡಿದಳು. ಅವಳಿಗೆ ನನಗಿಂತ ಮುಂಚೆ ಗೊತ್ತಾಯಿತು, ತಲೆ ತಗ್ಗಿಸಿದಳು.

"ನೀವೇ ಕುಡಿಯಲ್ವಲ್ಲ ಮೇಡಮ್ಮೋರೆ," ಎಂದಳು ಅವ್ವ. "ಇವಳಿಗೆ ಹೆಂಗ್ ಕುಡುಸ್ತೀರಿ? ಇಲ್ಲೇ ಇರ್ಲಿ ಬಿಡಿ."

ಕೋಪವಿಲ್ಲದೆ ಹೇಳಿದಳು. ನಾನು ಚೊಂಬು ಎತ್ತಿಕೊಂಡು ಒಂದೇ ಉಸಿರಿಗೆ ಪೂರ್ತಿ ಕುಡಿದೆ. ಸ್ವಲ್ಪ ಸೆರಗಿನ ಮೇಲೆ ಚೆಲ್ಲಿತು. ಅದರಿಂದ ಏನೂ ಆಗಲಿಲ್ಲ. ಮಾತು ಮುಗಿದಿತ್ತು. ಹುಡುಗಿ ಮೂಲೆಯಲ್ಲಿದ್ದ ಬಟ್ಟೆ ಗಂಟಿನ ಹತ್ತಿರ ಹೋಗಿ ಕೂತು ಗಂಟು ಬಿಚ್ಚತೊಡಗಿದಳು. ಒಂದೊಂದೇ ಲಂಗ ತೆಗೆದು ಹಗ್ಗದ ಮೇಲೆ ಹಾಕಿದಳು. ನಾನು ಬತ್ತೀನಿ ಎಂದಾಗ ತಿರುಗಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇನ್ನೂ ಬೆಳಕಿತ್ತು. ನಾಲ್ಕೈದು ಮೈಲಿ ಬರುವಷ್ಟರಲ್ಲಿ ಕುಡಿದ ನೀರು ಕೆಲಸ ಮಾಡಿತು. ಬಹಳ ವರ್ಷದ ಮೇಲೆ ಅದು ನನಗೆ ಗೊತ್ತಾಯಿತು, ಕಡೂರು ಬರುವ ತನಕ ತಡೆಯುವ ಹಾಗಿರಲಿಲ್ಲ. ಅಭ್ಯಾಸದಂತೆ ಕಾಲು ಬಿಗಿಹಿಡಿದು ಕೂತೆ. ಆಮೇಲೆ ಎದ್ದು ಕಂಬಿ ಹಿಡಿದುಕೊಂಡು ಮುಂದೆ ಹೋಗಿ ಕಂಡಕ್ಟರಿಗೆ, ಬಸ್ಸು ಸ್ವಲ್ಪ ನಿಲ್ಲಿಸಪ್ಪ, ನಾನು ಹೋಗಬೇಕು ಎಂದೆ. ಎಲ್ಲರಿಗೂ ಕೇಳಿಸಿತು. ಯಾರೋ ಇಬ್ಬರು ನಕ್ಕರು, ಒಬ್ಬ ಮುದುಕಿ ಅವರನ್ನು ಬೈದಳು. ಡ್ರೈವರು ಒಂದು ತೆಂಗಿನ ತೋಟದ ಬೇಲಿ ಹತ್ತಿರ ನಿಲ್ಲಿಸಿದ. ಮುದುಕಿಯೂ ನನ್ನ ಹಿಂದೆಯೇ ಇಳಿದಳು, ಅವಳ ಹಿಂದೆ ಇನ್ನೂ ಮೂವರು ಹೆಂಗಸರು ಇಳಿದರು.

ಬೇಲಿಯ ಮರೆಯಲ್ಲಿ ಕೂತಾಗ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬರಬೇಕಾದದ್ದು ಅಲ್ಲಿ ಬಂತು, ನಿಲ್ಲಿಸಲು ಆಗಲಿಲ್ಲ. ಬಸ್ಸು ನಿಲ್ಲಿಸಿ ಎಂಬ ಆ ಒಂದು ಮಾತು ಹೇಳಲು ನನಗೆ ನಲವತ್ತು ವರ್ಷ ಹಿಡಿಯಿತು. ಆ ಹುಡುಗಿ ಎರಡು ವರ್ಷಕ್ಕಿಂತ ಹೆಚ್ಚು ನನ್ನ ಕೈಕೆಳಗಿದ್ದಳು, ಅವಳಿಗೆ ಅದನ್ನು ಹೇಳಿಕೊಡಲು ಒಂದು ದಿನ ಸಾಕಾಗಿತ್ತು. ಈಗ ಅವಳು ಅವ್ವನ ಜೊತೆ ಲಿಂಗದಹಳ್ಳಿಯಲ್ಲಿ ಅಡಿಕೆ ಸುಲಿಯುತ್ತಾಳೆ.